ಫೋನಿಗೆ ತೋರಿಸಿದ ಕೈ

ಹಸಿರು ಬಣ್ಣದ ಟಿಕ್ ಮಾರ್ಕು ಎಲ್ಲಿ ಕಂಡರೂ ನನಗೆ ಈಗಲೂ ಹೇಸಿಗೆಯಾಗುತ್ತದೆ. ಬ್ಯಾಂಕಿನ ಆ್ಯಪಿನಲ್ಲಿ ಕಂಡರೂ ಅಷ್ಟೇ, ಅಕ್ಕನ ಮಗಳ ಹೋಮ್‌ವರ್ಕ್ ಪುಸ್ತಕದಲ್ಲಿ ಕಂಡರೂ ಅಷ್ಟೇ, ಬಾಯೆಲ್ಲ ಕಹಿಯಾಗುತ್ತದೆ. ಅಂಥ ಟಿಕ್ಕುಗಳನ್ನು ಒತ್ತುವುದೇ ನನ್ನ ಉದ್ಯೋಗವಾಗಿದ್ದ ಕಾಲವೊಂದಿತ್ತು. ಬಹಳ ಹಿಂದಿನ ಮಾತೇನಲ್ಲ.

ನಾನು ಫಿಸಿಯೋಥೆರಪಿಸ್ಟ್. ಊರು ಅಜೆಕಾರು, ಆಗ ವಾಸ ಪರ್ಕಳದ ಒಂದು ಬಾಡಿಗೆ ಕೋಣೆಯಲ್ಲಿ. ಮಣಿಪಾಲದ ಬೇಕರಿಯೊಂದರ ಮೇಲಿನ ಮಹಡಿ ಹಿಡಿದು ಸಣ್ಣ ಕಂಪನಿಯೊಂದು ಶುರುವಾಗಿತ್ತು. ಅದು ಯಾವ ಆಸ್ಪತ್ರೆಗೂ ಸೇರಿದ್ದಲ್ಲ. ಸ್ಟ್ರೋಕ್ ಆಗಿ, ಆಸ್ಪತ್ರೆಯಿಂದ ಬಿಡುಗಡೆಯಾಗಿ ಮನೆ ಸೇರಿದವರ ಚೇತರಿಕೆಯನ್ನು ಅವರ ಮನೆಯ ಸ್ಮಾರ್ಟ್‌ಫೋನಿನ ಮೂಲಕವೇ ನೋಡಿಕೊಳ್ಳುವುದು ಅದರ ವ್ಯವಹಾರ. ಬೆಳಿಗ್ಗೆ ಹತ್ತಕ್ಕೆ ರೋಗಿಯ ಮನೆಯ ಫೋನು ಗಂಟೆ ಬಾರಿಸುತ್ತದೆ. ರೋಗಿ ಅದರ ಮುಂದೆ ಕುಳಿತು ಬಿದ್ದುಹೋದ ಕೈಯನ್ನೋ ಕಾಲನ್ನೋ ಹೇಳಿಕೊಟ್ಟಂತೆ ಆಡಿಸಬೇಕು. ಫೋನು ತಾನಾಗಿ ಅದನ್ನು ವಿಡಿಯೋ ಮಾಡಿ ನಮಗೆ ಕಳಿಸುತ್ತದೆ. ನಾವು ನೋಡಿ ಹಸಿರು, ಹಳದಿ, ಕೆಂಪು ಎಂದು ಗುರುತು ಹಾಕಬೇಕು. ಹಸಿರು ಒತ್ತಿದರೆ ಆ ಕಡೆಯ ಫೋನಿನಲ್ಲಿ ಕರಡಿಮರಿಯೊಂದು ಎದ್ದುನಿಂತು ಚಪ್ಪಾಳೆ ತಟ್ಟುತ್ತದೆ, ಹೆಣ್ಣುದನಿಯೊಂದು ‘ವೆರಿ ಗುಡ್’ ಎನ್ನುತ್ತದೆ.

ಫೋನಿನ ಮೇಲೆ ನನಗೆ ದ್ವೇಷವಿಲ್ಲ. ಕಾರ್ಕಳದಾಚೆಯ ಹಳ್ಳಿಯಿಂದ ಎರಡು ಬಸ್ಸು ಬದಲಿಸಿ, ಇಬ್ಬರ ಹೆಗಲ ಮೇಲೆ ಕೈಹಾಕಿಕೊಂಡು ಬರಬೇಕಾದವರಿಗೆ ಇದು ಉಪಕಾರವೇ. ಹಾಗೆಂದು ನಂಬಿಯೇ ನಾನು ಸೇರಿದ್ದು. ಅಸಹ್ಯ ಹುಟ್ಟಿದ್ದು ಆಮೇಲೆ, ನಾವು ಆ ಫೋನನ್ನು ನೋಡುತ್ತಿದ್ದ ರೀತಿಯಿಂದ. ಒಬ್ಬೊಬ್ಬರ ಪಾಲಿಗೆ ದಿನಕ್ಕೆ ನಲವತ್ತು ಚಿಲ್ಲರೆ ವಿಡಿಯೋ ಬರುತ್ತಿತ್ತು. ನಮ್ಮ ಮೇಲಿನವರನ್ನು ನಾವು ಬರೀ ‘ಸರ್’ ಎನ್ನುತ್ತಿದ್ದೆವು. ಅವರು ಮೊದಲ ವಾರವೇ ನನ್ನ ಕುರ್ಚಿಯ ಹಿಂದೆ ನಿಂತು, “ಇಷ್ಟು ನಿಧಾನಕ್ಕೆ ಎಂತ ನೋಡ್ತೀರಿ ಮಾರಾಯ್ರೆ, ಸ್ಪೀಡು ಡಬಲ್ ಮಾಡಿ” ಎಂದಿದ್ದರು. ನಾನು ಡಬಲ್ ಮಾಡಿದೆ. ಆ ವೇಗದಲ್ಲಿ ಯಾವ ಸೋತ ಕೈಯೂ ಚುರುಕಾಗಿಯೇ ಕಾಣುತ್ತದೆ. ಒಂದು ಕೈಯಲ್ಲಿ ಬನ್ಸ್ ತಿನ್ನುತ್ತಾ ಇನ್ನೊಂದರಲ್ಲಿ ಹಸಿರು ಒತ್ತುವುದು ಎರಡೇ ತಿಂಗಳಲ್ಲಿ ನನಗೆ ರೂಢಿಯಾಯಿತು.

ನನ್ನ ಪಾಲಿನ ರೋಗಿಗಳಲ್ಲಿ ಒಬ್ಬರು ಕಾಪು ಕಡೆಯ ಅಮ್ಮ. ಕಟಪಾಡಿಯಲ್ಲಿ ಇಳಿದು ಆಟೋ ಹಿಡಿದು ಒಳಗೆ ಹೋಗಬೇಕು, ಅಂಗಳದ ತುಂಬ ಮಲ್ಲಿಗೆ ಗಿಡ. ವಯಸ್ಸು ಅರವತ್ತರ ಮೇಲೆ. ಬೆಳಕು ಹರಿಯುವ ಹೊತ್ತಿಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಬಿಸಿಲೇರುವ ಮುಂಚೆ ಕಟಪಾಡಿಗೆ ಮುಟ್ಟಿಸುವುದು ಅವರ ಕೆಲಸ. ಮದುವೆಗೆ ಮುಂಚಿನಿಂದ ಕಟ್ಟಿದವರು. ಸ್ಟ್ರೋಕ್ ಆದದ್ದೂ ಹೂ ಕಟ್ಟುತ್ತಿರುವಾಗಲೇ. ಎಡಗೈಯ ಮೊಗ್ಗುಗಳು ಜಾರಿ ಮಡಿಲಿಗೆ ಬಿದ್ದವಂತೆ, ಹೆಕ್ಕಲು ಹೋದರೆ ಕೈ ಬರಲಿಲ್ಲವಂತೆ. ನಾನು ಮಾಡಿದ ಮೊದಲ ಫೋನ್ ಕರೆಯಲ್ಲಿ ಅವರು ಕೇಳಿದ್ದು ಒಂದೇ ಪ್ರಶ್ನೆ.

“ಹೂ ಕಟ್ಟಲಿಕ್ಕೆ ಆಗ್ತದಾ ಮೇಡಂ?”

ಹೂ ಕಟ್ಟುವುದೆಂದರೆ ಮುಖ್ಯವಾಗಿ ಎಡಗೈಯ ಕೆಲಸ. ಮೊಗ್ಗಿನ ತೊಟ್ಟುಗಳನ್ನು ಸಾಲಾಗಿ ಹಿಡಿಯಬೇಕು, ಬಲಗೈ ನಾರು ಸುತ್ತುವಾಗ ಹಿಡಿತ ಸಡಿಲಿಸಬೇಕು, ಮತ್ತೆ ಹಿಡಿಯಬೇಕು. ಮೊದಲ ಕೆಲವು ತಿಂಗಳು ಬಿಡದೆ ಆಡಿಸಿದರೆ ಬೆರಳು ಮರಳಿ ಬರುವ ಸಾಧ್ಯತೆ ಹೆಚ್ಚು. ಆ ತಿಂಗಳುಗಳು ಕಳೆದರೆ ಕಷ್ಟ.

“ಆಗ್ತದೆ ಅಮ್ಮ. ದಿನಾ ಹತ್ತು ಗಂಟೆಗೆ ಫೋನಿನ ಎದುರು ಕೂತು ಕೈ ಮಾಡಿ” ಎಂದೆ.

“ನೀವು ನೋಡ್ತೀರಾ?”

“ನಾನೇ ನೋಡ್ತೇನೆ.”

ತುಳು ನನಗೂ ಚೆನ್ನಾಗಿ ಬರುತ್ತದೆ. ಆದರೆ ಮೇಡಂ ಎಂದ ಮೇಲೆ ಕನ್ನಡದಲ್ಲೇ ಮಾತಾಡಬೇಕು ಎಂಬುದು ಅವರ ಮರ್ಯಾದೆ. ನಾನೂ ಅದನ್ನು ಮುರಿಯಲು ಹೋಗಲಿಲ್ಲ.

ಅವರ ವಿಡಿಯೋಗಳು ಮೊದಲ ದಿನದಿಂದಲೇ ಅಚ್ಚುಕಟ್ಟು. ಸರಿಯಾಗಿ ಹತ್ತಕ್ಕೆ ಕೂದಲು ಬಾಚಿ, ಹಣೆಗೆ ಕುಂಕುಮವಿಟ್ಟು, ನೈಟಿಯ ಮೇಲೆ ಬೈರಾಸು ಎಂಬ ಟವೆಲು ಹೊದ್ದು ಕುಳಿತಿರುತ್ತಿದ್ದರು. ಒಂದು ಕೈ ಎತ್ತುವರು, ಮುಷ್ಟಿ ಕಟ್ಟುವರು, ಬಿಡಿಸುವರು, ನಾಲ್ಕು ಬೆರಳನ್ನೂ ಒಂದೊಂದಾಗಿ ಹೆಬ್ಬೆರಳಿಗೆ ಮುಟ್ಟಿಸುವರು. ಇನ್ನೊಂದು ಕೈ ಬೈರಾಸಿನ ಒಳಗೆ. ಸ್ಟ್ರೋಕ್ ಆದ ಮೇಲೆ ಇಷ್ಟು ಬೇಗ ಬೆರಳು ಬರುವುದುಂಟೇ ಎಂದು ಒಮ್ಮೆ ಅನ್ನಿಸಿತ್ತು. ಅಪರೂಪಕ್ಕೆ ಬರುವುದುಂಟು. ಆ ಅಪರೂಪ ನನ್ನ ಕೈಗುಣದಿಂದ ಆದದ್ದೆಂದು ಬೀಗಿದೆ. ದಿನವೂ ಹಸಿರು ಒತ್ತಿದೆ. ದಿನವೂ ಆ ದರಿದ್ರ ಕರಡಿ ಅವರ ಮನೆಯಲ್ಲಿ ಚಪ್ಪಾಳೆ ತಟ್ಟಿತು.

ಒಂದೆರಡು ಸಲ ಫೋನ್ ಮಾಡಿ ಕೇಳಿದ್ದೂ ಉಂಟು. “ಕೈ ಮಾಡ್ತಿದ್ದೀರಾ ಅಮ್ಮ?” ಎಂದರೆ “ಮಾಡ್ತಿದ್ದೇನೆ ಮೇಡಂ” ಎನ್ನುವರು. “ನೋವುಂಟಾ?” ಎಂದರೆ “ಇಲ್ಲ” ಎನ್ನುವರು. ಹಾಗೆಂದು ಬರೆದುಕೊಂಡೆ.

ಅಮ್ಮನ ವಿಡಿಯೋ ಶುರುವಾದ ಎಂಟನೆಯ ವಾರ ಕಂಪನಿಗೆ ಹೊರಗಿನಿಂದ ಅತಿಥಿಗಳು ಬಂದರು. ಇಂಥದೇ ಆ್ಯಪನ್ನು ಬೇರೆ ಊರುಗಳಿಗೂ ಒಯ್ಯುವ ಉಮೇದಿನವರು. ಅವರಿಗೆ ತೋರಿಸಲು ಸರ್ ಗೋಡೆಗೆ ದೊಡ್ಡ ಟಿವಿ ಹಾಕಿಸಿದರು, ಬೇಕರಿಯಿಂದ ಕೇಕು, ಕೆಳಗಿನ ಹೋಟೆಲಿನಿಂದ ಗೋಳಿಬಜೆ ತರಿಸಿದರು. “ನಿಮ್ಮ ಆ ಹೂವಿನ ಅಮ್ಮನ ವಿಡಿಯೋ ಹಾಕುವಾ, ಅದು ನಮ್ಮ ಬೆಸ್ಟ್ ಕೇಸ್” ಎಂದು ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ನನಗೆ ಒಳಗೊಳಗೇ ಹೆಮ್ಮೆ. ಹೊಸ ಕುರ್ತಾ ಹಾಕಿಕೊಂಡು ಹೋಗಿದ್ದೆ, ಅದನ್ನು ನೆನೆದರೂ ನಾಚಿಕೆಯಾಗುತ್ತದೆ.

ಟಿವಿಯಲ್ಲಿ ಅಮ್ಮ ದೊಡ್ಡದಾಗಿ ಕಾಣಿಸಿಕೊಂಡರು. ವೇಗ ಡಬಲ್ ಇರಲಿಲ್ಲ. ಅವರು ನಿಧಾನವಾಗಿ ಕೈ ಎತ್ತಿದರು. ಸರ್ ಗೋಳಿಬಜೆಯ ಎಣ್ಣೆ ಮೆತ್ತಿದ ಬೆರಳನ್ನೇ ಟಿವಿಯ ಹತ್ತಿರ ಹಿಡಿದು, “ಈ ಎಡಗೈ ಎಂಟು ವಾರದ ಹಿಂದೆ ಒಂದು ಇಂಚೂ ಅಲ್ಲಾಡುತ್ತಿರಲಿಲ್ಲ” ಎಂದರು. ನಾನು ಆ ಬೆರಳಿನಾಚೆ ನೋಡಿದೆ. ಅಮ್ಮನ ತಲೆಯ ಹಿಂದೆ ಗೋಡೆಗೆ ಒಂದು ಕ್ಯಾಲೆಂಡರು. ಇಷ್ಟು ದಿನ ನನ್ನ ಪರದೆಯಲ್ಲಿ ಅದು ಅಂಚೆಚೀಟಿಯಷ್ಟಿತ್ತು. ಈಗ ಅದರ ಅಕ್ಷರಗಳು ಕಾಣುತ್ತಿದ್ದವು, ಓದಲು ಬರುತ್ತಿರಲಿಲ್ಲ. ಭಾನುವಾರದ ಸಾಲು ಬಲಗಡೆಗಿತ್ತು. ಹದಿಮೂರು ಇರಬೇಕಾದಲ್ಲಿ ಮೂರು ಮೊದಲು, ಆಮೇಲೆ ಒಂದು, ಆ ಮೂರು ಕೂಡ ತಿರುಗಾಮುರುಗಾ.

ಕ್ಯಾಲೆಂಡರು ಕನ್ನಡಿಯೊಳಗಿನ ಕ್ಯಾಲೆಂಡರಾಗಿತ್ತು. ಎಂದರೆ ಕೈಯೂ ಕನ್ನಡಿಯೊಳಗಿನ ಕೈ.

ಸೆಲ್ಫಿ ಕ್ಯಾಮೆರಾ ನಮ್ಮನ್ನು ಕನ್ನಡಿಯಂತೆ ತೋರಿಸುತ್ತದೆ, ಎಲ್ಲರಿಗೂ ಗೊತ್ತು. ನಮ್ಮ ಆ್ಯಪು ಆ ಕನ್ನಡಿಯ ಚಿತ್ರವನ್ನೇ ಹಾಗೇ ಉಳಿಸಿ ಕಳಿಸುತ್ತಿತ್ತು. ನಾನು ಎಡಗೈ ಎಂದು ತಿಳಿದು ಎಂಟು ವಾರ ಹಸಿರು ಒತ್ತಿದ್ದು ಅಮ್ಮನ ಬಲಗೈಗೆ, ಏನೂ ಆಗದ ಗಟ್ಟಿಮುಟ್ಟಾದ ಬಲಗೈಗೆ. ಅವರು ಸೀರೆ ಉಟ್ಟಿದ್ದರೆ ಸೆರಗು ತಪ್ಪು ಹೆಗಲ ಮೇಲಿರುವುದು ನನ್ನಂಥ ಹೆಂಗಸಿಗೆ ತಕ್ಷಣ ತಿಳಿಯುತ್ತಿತ್ತು. ನೈಟಿಗೆ ಎಡ ಬಲ ಏನಿದೆ? ಉಳಿದವರ ವಿಡಿಯೋಗಳನ್ನು ಮನೆಯವರು ಎದುರು ನಿಂತು ಹಿಂದಿನ ಕ್ಯಾಮೆರಾದಲ್ಲಿ ತೆಗೆಯುತ್ತಿದ್ದರು, ಅವು ಸರಿಯಾಗಿದ್ದವು. ಹತ್ತು ಗಂಟೆಗೆ ಒಬ್ಬರೇ ಇರುತ್ತಿದ್ದವರು ಈ ಅಮ್ಮ ಮಾತ್ರ.

ಅತಿಥಿಗಳು ಚಪ್ಪಾಳೆ ತಟ್ಟಿದರು. ಥೇಟ್ ಆ ಕರಡಿಯ ಹಾಗೆ. ನಾನು ಎದ್ದು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಪ್ರತಿ ತಟ್ಟೆಗೂ ಕೇಕು ಹಾಕುವವರೆಗೆ ಕುಳಿತೇ ಇದ್ದೆ, ನನ್ನ ಪಾಲಿನ ತುಂಡನ್ನು ತಿಂದೂ ಬಿಟ್ಟೆ. ಎಲ್ಲರೂ ಹೋದ ಮೇಲೆ ಸರ್‌ಗೆ ಹೇಳಿದಾಗ ಅವರು ಒಂದು ಗಳಿಗೆ ಟಿವಿಯನ್ನು ನೋಡಿದರು.

“ಇದನ್ನು ಈಗ ಯಾರಿಗೂ ಹೇಳ್ಬೇಡಿ. ಮುಂದಿನ ವರ್ಷನ್‌ನಲ್ಲಿ ಸರಿ ಮಾಡಿಸುವಾ.”

“ಸರ್, ಆ ಅಮ್ಮನ ಕೈ?”

“ಒಂದು ಕೇಸ್ ಅಲ್ವಾ. ಲಿಸ್ಟಿನಿಂದ ತೆಗೆದುಬಿಡಿ.”

ಅವರ ತುಟಿಯ ಅಂಚಿನಲ್ಲಿ ಕೇಕಿನ ಬಿಳಿ ಕ್ರೀಮು ಅಂಟಿತ್ತು. ನನಗೆ ನಿಜಕ್ಕೂ ವಾಕರಿಕೆ ಬಂತು. ಅವರ ತುಟಿ ನೋಡಿಯೋ, ನನ್ನ ಹೊಟ್ಟೆಯೊಳಗಿದ್ದ ಅದೇ ಕೇಕಿನಿಂದಲೋ ಹೇಳಲಾರೆ. ಕೈತೊಳೆಯುವಲ್ಲಿ ಹೋಗಿ ಕಾರಿಕೊಂಡೆ.

ಮಾರನೆಯ ದಿನ ಭಾನುವಾರ. ಉಡುಪಿಯಲ್ಲಿ ಬಸ್ಸು ಬದಲಿಸಿ ಕಟಪಾಡಿಯಲ್ಲಿ ಇಳಿದು, ಆಟೋದವನಿಗೆ ಹೂವಿನ ಅಮ್ಮನ ಮನೆ ಎಂದರೆ ಬೇರೆ ಗುರುತು ಬೇಕಾಗಲಿಲ್ಲ. ಸೊಸೆ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದಳು. ಆಕೆಗೆ ಉಳಿದ ದಿನಗಳಲ್ಲಿ ಗೇರುಬೀಜದ ಫ್ಯಾಕ್ಟರಿಯಲ್ಲಿ ಕೆಲಸ, ಬೆಳಿಗ್ಗೆಯೇ ಹೊರಡಬೇಕು. ಮೇಡಂ ಮಣಿಪಾಲದಿಂದ ಬಂದಿದ್ದಾರೆ ಎಂದು ತಿಳಿದದ್ದೇ ತಡ, ಕೈಯ ಸೋಪಿನ ನೊರೆ ಒರೆಸಿಕೊಂಡು, “ಬನ್ನಿ ಬನ್ನಿ, ಅತ್ತೆದ್ದು ಈಗ ಹತ್ತು ಗಂಟೆಗೆ ಉಂಟು, ನೀವೇ ನೋಡಿ” ಎಂದು ಒಳಗೆ ಕರೆದಳು.

ಚಾವಡಿಯ ಗೋಡೆಯ ಮೇಲೆ ಅದೇ ಕ್ಯಾಲೆಂಡರು, ಈಗ ಸರಿಯಾಗಿ. ಅದರ ಪಕ್ಕದಲ್ಲಿ ಲ್ಯಾಮಿನೇಟ್ ಮಾಡಿಸಿದ ಒಂದು ಹಾಳೆ ತೂಗುತ್ತಿತ್ತು. ಆರು ವಾರ ಪೂರ್ತಿ ಹಸಿರು ಬಂದವರಿಗೆ ನಮ್ಮ ಆ್ಯಪು ತಾನಾಗಿ ಕಳಿಸುವ ಪ್ರಶಂಸಾಪತ್ರ ಅದು. ಸೊಸೆ ಅದನ್ನು ಕಟಪಾಡಿಗೆ ಒಯ್ದು ಪ್ರಿಂಟು ತೆಗೆಸಿದ್ದಳು. ಕರಡಿಯೂ ಇತ್ತು, ಕೆಳಗೆ ನನ್ನ ಸಹಿಯೂ ಇತ್ತು.

ಅಮ್ಮ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದು ಕುಳಿತರು. ನನ್ನನ್ನು ನೋಡಿ ಬಲಗೈಯನ್ನು ಎದೆಗೊತ್ತಿ ಅರ್ಧ ನಮಸ್ಕಾರ ಮಾಡಿದರು. ಅಷ್ಟರಲ್ಲಿ ಸ್ಟೂಲಿನ ಮೇಲೆ ಅಕ್ಕಿಡಬ್ಬಕ್ಕೆ ಒರಗಿಸಿಟ್ಟ ಫೋನು ಗಂಟೆ ಬಾರಿಸಿತು. “ಒಂದು ನಿಮಿಷ ಮೇಡಂ” ಎಂದವರೇ ಎಡಗೈಯನ್ನು ಬೈರಾಸಿನೊಳಗೆ ಎಳೆದುಕೊಂಡು, ನೆಟ್ಟಗೆ ಕುಳಿತು, ಬಲಗೈ ಎತ್ತಿ ಫೋನಿಗೆ ತೋರಿಸತೊಡಗಿದರು. ಮುಷ್ಟಿ, ಬಿಡಿಸುವುದು, ಹೆಬ್ಬೆರಳು, ತೋರುಬೆರಳು. ಎಷ್ಟು ಶ್ರದ್ಧೆ!

ಮುಗಿಯುವವರೆಗೆ ನಾನು ತಡೆಯಲಿಲ್ಲ. ಆಮೇಲೆ ಹತ್ತಿರ ಕೂತು ಕೇಳಿದೆ. “ಅಮ್ಮ, ನಿಮಗೆ ಆಗದಿರುವುದು ಎಡಗೈ ಅಲ್ವಾ? ಅದನ್ನು ಯಾಕೆ ತೋರಿಸುದಿಲ್ಲ?”

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. “ಎಡಗೈ ಹೇಗೆ ತೋರಿಸುದು ಮೇಡಂ? ನೀವು ನೋಡ್ತೇನೆ ಹೇಳಿದ್ರಿ, ಡಾಕ್ಟ್ರೂ ನೋಡ್ತಾರೇನೋ. ದೊಡ್ಡವರಿಗೆ ಎಡಗೈ ನೀಡುದುಂಟಾ? ಅದೂ ಸೊಟ್ಟ ಆದ ಕೈ.”

“ಮತ್ತೆ ಎಡಗೈಗೆ ವ್ಯಾಯಾಮ?”

“ಅದಕ್ಕೆ ರಾತ್ರೆ ಎಣ್ಣೆ ಹಾಕ್ತೇನೆ. ಇದು ನಿಮಗೆ ತೋರಿಸ್ಲಿಕ್ಕೆ. ದಿನಾ ವೆರಿ ಗುಡ್ ಬರ್ತಿತ್ತಲ್ಲ. ಇದು ಒಳ್ಳೇದು ಮಾಡಿದ್ರೆ ಅದಕ್ಕೂ ಬರ್ತದೆ, ಡಾಕ್ಟ್ರಿಗೆ ಗೊತ್ತುಂಟು ಅಂತ ಎಣಿಸಿದೆ.”

ಮಂಗಳಾರತಿಯನ್ನು, ಊಟವನ್ನು, ಹೂವನ್ನು, ಏನನ್ನೂ ಎಡಗೈಯಲ್ಲಿ ಕೊಡದ, ತೆಗೆದುಕೊಳ್ಳದ ಮನೆಯಲ್ಲೇ ನಾನೂ ಬೆಳೆದವಳು. ಚಿಕ್ಕಂದಿನಲ್ಲಿ ಎಡಗೈ ಚಾಚಿದ್ದಕ್ಕೆ ಅಜ್ಜಿಯಿಂದ ಪೆಟ್ಟು ತಿಂದವಳು. ‘ಕೈ ಮಾಡಿ’ ಎಂದೆನೇ ಹೊರತು, ‘ಎಡಗೈಯನ್ನೇ ತೋರಿಸಿ, ಮರ್ಯಾದೆಗೆ ಏನೂ ಕುಂದಿಲ್ಲ’ ಎಂದು ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಬೇರೆ ಊರಿನಲ್ಲಿ ಕುಳಿತು ಆ್ಯಪು ಮಾಡಿದವನಿಗೆ ಇದು ತಿಳಿಯದಿದ್ದರೆ ಸರಿ. ಅಜೆಕಾರಿನವಳಿಗೆ ಏನಾಗಿತ್ತು ಧಾಡಿ?

ಬೈರಾಸು ಸರಿಸಿ ಎಡಗೈಯನ್ನು ತೊಡೆಯ ಮೇಲೆ ಎಳೆದುಕೊಂಡೆ. ಅವರು ನಾಚಿ ಹಿಂದಕ್ಕೆಳೆದರು, ನಾನು ಬಿಡಲಿಲ್ಲ. ಮುಷ್ಟಿ ಕಲ್ಲಿನ ಹಾಗೆ ಬಿಗಿದಿತ್ತು. ಒಂದು ಬೆರಳನ್ನು ಎಬ್ಬಿಸಿದಾಗ ಒಳಗಿನಿಂದ ಹುಳಿ ಹಿಡಿದ ವಾಸನೆ ಹೊಡೆಯಿತು. ವಾರಗಟ್ಟಲೆ ಗಾಳಿಯಾಡದ ಬೆವರು, ಎಣ್ಣೆ, ಸತ್ತ ಚರ್ಮ. ಉಗುರುಗಳು ಅಂಗೈಯಲ್ಲಿ ನಾಲ್ಕು ಗಾಯ ಮಾಡಿದ್ದವು, ಒಂದರಲ್ಲಿ ಕೀವು. ನನ್ನ ಕಸುಬಿನಲ್ಲಿ ಇದಕ್ಕಿಂತ ಕೆಟ್ಟ ವಾಸನೆ ಕಂಡಿದ್ದೇನೆ, ಆ ಕೈಯ ಬಗ್ಗೆ ನನಗೆ ಹೇಸಿಗೆಯಾಗಲಿಲ್ಲ. ಹೇಸಿಗೆಯಾದದ್ದು ಗೋಡೆಯ ಮೇಲಿನ ನನ್ನ ಸಹಿಯನ್ನು ನೋಡಿ. ಫೋನಿನಲ್ಲಿ ವಾಸನೆ ಬರುವುದಿಲ್ಲ ಎಂಬ ಎಷ್ಟು ಸುಲಭದ ಸಂಗತಿಯನ್ನು ನಾನು ಮರೆತಿದ್ದೆ!

ಬಿಸಿನೀರು ತರಿಸಿ ಕೈ ತೊಳೆಯುತ್ತಾ ಇಬ್ಬರಿಗೂ ನಿಜ ಹೇಳಿದೆ. ಫೋನು ಎಡ ಬಲ ತಿರುಗಿಸಿ ತೋರಿಸಿತು, ನಾನು ನೋಡದೆ ಒತ್ತಿದೆ, ಆ ವೆರಿ ಗುಡ್‌ಗಳು ಸುಳ್ಳು ಎಂದೆ. ಸೊಸೆ ಕೈಯಲ್ಲಿದ್ದ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು.

“ನಾವು ಗೊತ್ತಿಲ್ಲದವರು ಮೇಡಂ, ನೀವು ಓದಿದವರಲ್ವಾ? ಎಡ ಯಾವುದು, ಬಲ ಯಾವುದು, ನಿಮಗೂ ಗೊತ್ತಾಗುದಿಲ್ವಾ? ಕಾಪುವಿನಲ್ಲಿ ಕೈ ಎಳೆದು ಮಾಡಿಸುವವರ ಹತ್ರ ವಾರಕ್ಕೆ ಎರಡು ಸಲ ಕರ್ಕೊಂಡು ಹೋಗ್ತಿದ್ದೆ. ನಿಮ್ಮ ವೆರಿ ಗುಡ್ ನೋಡಿಯೇ ನಿಲ್ಲಿಸಿದ್ದು.”

ಅಮ್ಮ ಮಾತ್ರ ಬೇರೆಯೇ ಒಂದು ಲೋಕದಲ್ಲಿದ್ದರು.

“ಅದು ನೀವೇ ಹಾಕ್ತಿದ್ದದ್ದಾ ಮೇಡಂ?” ಎಂದು ಕೇಳಿದರು. “ನಾನು ಫೋನೇ ಹೇಳುದು ಅಂತ ಎಣಿಸಿದ್ದೆ. ನೋಡ್ತೇನೆ ಅಂದದ್ದು ಹೌದು, ಆದ್ರೂ ನಿಜವಾಗಿ ದಿನಾ ನೋಡ್ತಿದ್ರಾ? ಚಂದ ಮಾಡ್ತಿದ್ದೆ ಅಲ್ವಾ?”

ಅವರು ಬೈದಿದ್ದರೆ ಸಹಿಸುತ್ತಿದ್ದೆ.

ಹೊರಡುವಾಗ ಗೋಡೆಯ ಮೇಲಿನ ಹಾಳೆಯನ್ನು ತೆಗೆಯಬಹುದೇ ಎಂದು ಕೇಳಿದೆ. ಸೊಸೆ ಮೊಳೆಯಿಂದ ಕಿತ್ತು ನನ್ನ ಕೈಗೆ ತುರುಕಿದಳು. ಅದನ್ನು ಹರಿಯಲು ನೋಡಿದೆ. ಲ್ಯಾಮಿನೇಟ್ ಆದದ್ದು, ಹರಿಯಲಿಲ್ಲ. ಚೀಲದಲ್ಲಿ ಹಾಕಿಕೊಂಡು ಬಂದೆ. ಈಗಲೂ ನನ್ನ ಪೆಟ್ಟಿಗೆಯ ತಳದಲ್ಲಿದೆ.

ಅಂದೇ ಕೆಲಸ ಬಿಟ್ಟೆ ಎಂದು ಬರೆಯಲು ಆಸೆಯಾಗುತ್ತದೆ. ಬಿಡಲಿಲ್ಲ. ಇನ್ನೂ ಐದು ತಿಂಗಳು ಅದೇ ಕುರ್ಚಿಯಲ್ಲಿ ಕುಳಿತೆ. ಒಂದೊಂದೇ ವಿಡಿಯೋವನ್ನು ಅದರದೇ ವೇಗದಲ್ಲಿ ನೋಡಿದೆ, ಸರ್ ಗೊಣಗಿದರೂ ಬಿಡಲಿಲ್ಲ. ಎಲ್ಲ ರೋಗಿಗಳಿಗೂ ಫೋನ್ ಮಾಡಿ ಯಾವ ಕೈ, ಯಾವ ಕಾಲು ಎಂದು ತುಳುವಿನಲ್ಲಿ ಕೇಳಿದೆ. ಕಾಪುವಿನ ಅಮ್ಮನ ಹೆಸರು ಪಟ್ಟಿಯಿಂದ ಹೋಯಿತು, ಅವರ ವಿಡಿಯೋ ಮಾತ್ರ ಅತಿಥಿಗಳು ಬಂದಾಗಲೆಲ್ಲ ಟಿವಿಯಲ್ಲಿ ಓಡುತ್ತಲೇ ಇತ್ತು. ಕ್ಯಾಲೆಂಡರು ಕಾಣದ ಹಾಗೆ ಮೇಲಿನ ಭಾಗವನ್ನು ಕತ್ತರಿಸಿದ್ದರು. ಅದನ್ನು ಕಂಡ ದಿನವೂ ನಾನು ಬಾಯಿ ಮುಚ್ಚಿಕೊಂಡೇ ಇದ್ದೆ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು.

ಪ್ರತಿ ಭಾನುವಾರ ಅವರ ಮನೆಗೆ ಹೋಗಿ ಕೈ ಎಳೆದು ಮಾಡಿಸಿದೆ. ಮೊದಲ ಎರಡು ವಾರ ಸೊಸೆ ನನ್ನೊಡನೆ ಮಾತಾಡಲಿಲ್ಲ, ಮೂರನೆಯ ವಾರ ಚಹಾ ಕೊಟ್ಟಳು. ಗಾಯ ಮಾಯಿತು, ವಾಸನೆ ಹೋಯಿತು, ಬೆರಳುಗಳು ಅರ್ಧದಷ್ಟು ತೆರೆದವು. ಅಲ್ಲಿಗೇ ನಿಂತಿತು. ಹಿಡಿಯಲು ಬರುತ್ತದೆ, ಹಿಡಿದದ್ದನ್ನು ಬಿಡಲು ಬರುವುದಿಲ್ಲ. ಹೂ ಕಟ್ಟುವವರ ಕೈಗೆ ಬಿಡುವುದು ಬಾರದಿದ್ದರೆ ಏನು ಮಾಡುವುದು? ಅಮ್ಮ ಈಗ ಬಲಗೈಯಲ್ಲಿ ಮೊಗ್ಗು ಕೊಯ್ದು ಬುಟ್ಟಿಗೆ ಹಾಕುತ್ತಾರೆ, ಕಟ್ಟುವುದಕ್ಕೆ ಪಕ್ಕದ ಮನೆಯವರು ಒಯ್ಯುತ್ತಾರೆ.

ಕಾರ್ಕಳದ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಸಿಕ್ಕಿ ಹೊರಡುವ ಮುಂಚೆ ಹೇಳಿಬರಲು ಅವರ ಮನೆಗೆ ಹೋಗಿದ್ದೆ. ಅಮ್ಮ ಅಂದು ಬೈರಾಸು ಹೊದ್ದಿರಲಿಲ್ಲ. ಬುಟ್ಟಿಯಿಂದ ಒಂದು ಹಿಡಿ ಮೊಗ್ಗನ್ನು ಬಲಗೈಯಿಂದ ಎಡಗೈಯೊಳಗೆ ತುಂಬಿಕೊಂಡು, ಆ ಎಡಗೈಯನ್ನು ನನ್ನ ಮುಂದೆ ಚಾಚಿದರು.

“ಎಡಗೈಯಲ್ಲಿ ಕೊಡ್ತಿದ್ದೇನೆ, ಬೇಜಾರು ಮಾಡ್ಬೇಡಿ ಮೇಡಂ. ತೆಗೊಳ್ಳಿ.”

ನಾನು ಬೊಗಸೆ ಒಡ್ಡಿದೆ. ಮುಷ್ಟಿ ತೆರೆಯಲಿಲ್ಲ. ಅವರು ಹಲ್ಲು ಕಚ್ಚಿ ಪ್ರಯತ್ನಿಸಿದರು, ಬೆರಳು ಇನ್ನಷ್ಟು ಬಿಗಿಯಿತು.

“ಬಿಡ್ಲಿಕ್ಕೆ ಆಗುದಿಲ್ಲ. ನೀವೇ ಬಿಡಿಸ್ಕೊಳ್ಳಿ.”

ಒಂದೊಂದೇ ಬೆರಳನ್ನು ಎಬ್ಬಿಸಿದೆ. ಮೊಗ್ಗುಗಳು ಜಜ್ಜಿಹೋಗಿ ಅಂಗೈಗೆ ಮೆತ್ತಿಕೊಂಡಿದ್ದವು. ಅವನ್ನು ನಾನು ಕೆರೆದು ತೆಗೆಯುತ್ತಿರುವಾಗ ಅಮ್ಮ ನನ್ನ ಮುಖವನ್ನೇ ನೋಡುತ್ತಾ ಕೇಳಿದರು.

“ವೆರಿ ಗುಡ್ ಅಲ್ವಾ ಮೇಡಂ?”

ಜಜ್ಜಿದ ಮೊಗ್ಗುಗಳನ್ನು ಅವರ ಎದುರೇ ಜಡೆಗೆ ಸಿಕ್ಕಿಸಿಕೊಂಡೆ.